ಮದ್ಯವನ್ನು ಬಿಟ್ಟವನ ಶುಶ್ರೂಷೆ

ಹಲವು ವರ್ಷ ನಿತ್ಯವೂ ಕುಡಿದವನು ಒಂದು ದಿನ ‘ಇನ್ನು ಮುಟ್ಟೆನು’ ಎಂದು ಆಣೆಯಿಟ್ಟರೆ ಮನೆಯವರಿಗೆ ಹಬ್ಬ ಬಂದಂತಾಗುವುದು. ಆದರೆ ಆ ಸಂಕಲ್ಪದ ಬೆನ್ನಿಗೇ ಬರುವ ನಾಲ್ಕು ದಿನಗಳು ಪ್ರಾಣಾಪಾಯದ ದಿನಗಳಾಗಬಹುದೆಂದು ಬಲ್ಲ ಗೃಹಸ್ಥರು ವಿರಳ. ಅವನ ಕೈ ನಡುಗಿದರೆ ನಟನೆಯೆನ್ನುವವರೂ, ಪ್ರಲಾಪಿಸಿದರೆ ಗ್ರಹಚೇಷ್ಟೆಯೆಂದು ತಾಯಿತ ಕಟ್ಟಿಸುವವರೂ, ಕೋಣೆಯಲ್ಲಿ ಕೂಡಿ ಬೀಗ ಹಾಕುವವರೂ ಉಂಟು. ಇವರೆಲ್ಲರೂ ರೋಗಿಗೆ ಅರಿಯದೆ ಅಪಕಾರ ಮಾಡುವವರು.

ಮದ್ಯವು ಮೆದುಳಿನ ವ್ಯಾಪಾರವನ್ನು ಮಂದಗೊಳಿಸತಕ್ಕ ದ್ರವ್ಯ. ಅದು ದಿನವೂ ಒಳಸೇರುತ್ತಿದ್ದರೆ ಮೆದುಳು ತನ್ನ ಉದ್ರೇಕವನ್ನು ಹೆಚ್ಚಿಸಿಕೊಂಡು ಸಮತೂಕ ಕಾಯುತ್ತದೆ. ತಕ್ಕಡಿಯ ಒಂದು ತಟ್ಟೆಯ ಭಾರವನ್ನು ಒಮ್ಮೆಲೇ ತೆಗೆದರೆ ಮತ್ತೊಂದು ನೆಲಕ್ಕೆ ಬಡಿಯುವಂತೆ, ಮದ್ಯ ತಟ್ಟನೆ ನಿಂತಾಗ ಉದ್ರೇಕವೊಂದೇ ಉಳಿಯುವುದು. ಕೊನೆಯ ಪಾನವಾದ 6ರಿಂದ 8 ಗಂಟೆಗಳಲ್ಲಿ ನಡುಕ, ಬೆವರು, ವಾಂತಿ, ನಿದ್ರಾನಾಶಗಳು ತೋರುತ್ತವೆ. 48 ಗಂಟೆಗಳೊಳಗೆ ಕೆಲವರಿಗೆ ಫಿಟ್ಸ್ ಬರುವುದು. ಎರಡನೆಯ ದಿನ ಕಳೆದು ನಾಲ್ಕನೆಯ ದಿನದೊಳಗೆ ಕೆಲವರಿಗೆ ಸನ್ನಿ ಹಿಡಿಯುವುದು. ಇದಕ್ಕೆ ಥಾಮಸ್ ಸಟನ್ ಎಂಬ ಆಂಗ್ಲ ವೈದ್ಯನು 1813ರಲ್ಲಿ ‘ಡೆಲಿರಿಯಂ ಟ್ರೆಮೆನ್ಸ್’, ಅರ್ಥಾತ್ ಕಂಪದ ಸನ್ನಿ, ಎಂದು ಹೆಸರಿಟ್ಟನು.

ಚರಕಸಂಹಿತೆಯು ಚಿಕಿತ್ಸೆಯ ನಾಲ್ಕು ಪಾದಗಳಲ್ಲಿ ಪರಿಚಾರಕನನ್ನೂ ಎಣಿಸಿ, ಅವನಿಗೆ ಉಪಚಾರಜ್ಞಾನ, ದಕ್ಷತೆ, ಅನುರಾಗ, ಶೌಚವೆಂಬ ನಾಲ್ಕು ಗುಣಗಳು ಬೇಕೆಂದಿದೆ. ಈ ರೋಗಿಯ ಬಳಿಯಿರುವ ದಾದಿಯ ಕೆಲಸದಲ್ಲಿ ಆ ನಾಲ್ಕನ್ನೂ ಕಾಣಬಹುದು.

ಮೊದಲನೆಯದು ಜ್ಞಾನ. 1989ರಲ್ಲಿ ಪ್ರಕಟವಾದ ಒಂದು ಅಳತೆಯಂತೆ ನಡುಕ, ಬೆವರು, ಕಳವಳ ಮೊದಲಾದ ಹತ್ತು ಲಕ್ಷಣಗಳಿಗೆ ದಾದಿಯು ಆಗಾಗ ಅಂಕವಿಡುವಳು, ಪೂರ್ಣಾಂಕ 67. ಶಾಲೆಯಲ್ಲಿ ಅಂಕವೇರಿದರೆ ಸಂತೋಷ, ಇಲ್ಲಿ ಏರಿದರೆ ಎಚ್ಚರ! ಅದನ್ನು ನೋಡಿ ವೈದ್ಯರು ಡಯಾಜೆಪಾಮ್ ಮೊದಲಾದ ಔಷಧದ ಪ್ರಮಾಣವನ್ನು ನಿರ್ಣಯಿಸುವರು.

ಎರಡನೆಯದು ದಕ್ಷತೆ. ಬಹುಕಾಲ ಕುಡಿದವನ ಶರೀರದಲ್ಲಿ ಥಯಾಮಿನ್, ಎಂದರೆ ಬಿ1 ಜೀವಸತ್ವ, ಬತ್ತಿರುವುದುಂಟು. ಅದಿಲ್ಲದೆ ಬರಿಯ ಗ್ಲೂಕೋಸನ್ನು ಏರಿಸಿದರೆ 1881ರಲ್ಲಿ ಕಾರ್ಲ್ ವೆರ್ನಿಕೆ ವರ್ಣಿಸಿದ ಮೆದುಳಿನ ವಿಕಾರ ತಲೆದೋರಬಹುದು. ಆದಕಾರಣ ಗ್ಲೂಕೋಸಿಗೆ ಮೊದಲೋ ಅದರೊಡನೆಯೋ ಥಯಾಮಿನನ್ನು ಕೊಡುವರು.

ಮೂರನೆಯದು ಅನುರಾಗ. ಗೋಡೆಯ ಮೇಲೆ ಹುಳು ಹರಿಯುತ್ತಿದೆಯೆಂದು ರೋಗಿಯು ಅಂಜಿದರೆ ವಾದಿಸಲೂ ಕೂಡದು, ಹೌದೆನ್ನಲೂ ಕೂಡದು. ‘ನೀವು ಆಸ್ಪತ್ರೆಯಲ್ಲಿದ್ದೀರಿ, ನಾನು ಹತ್ತಿರವೇ ಇದ್ದೇನೆ’ ಎಂದು ಮೆಲುದನಿಯಲ್ಲಿ ಹೇಳತಕ್ಕದ್ದು. ರಾತ್ರಿ ಮಂದವಾದ ದೀಪವಿರಲಿ, ಗದ್ದಲ ಬೇಡ. ನಾಲ್ಕನೆಯದು ಶೌಚ: ಬೆವೆತ ಬಟ್ಟೆಯನ್ನು ಬದಲಿಸುವುದು, ಬಾಯಿ ತೊಳೆಯಿಸುವುದು, ವಾಂತಿ ಉಸಿರಿಗೆ ಸೇರದಂತೆ ಮಗ್ಗುಲಾಗಿ ಮಲಗಿಸುವುದು.

ಗೃಹಸ್ಥರು ತಿಳಿಯತಕ್ಕ ಮುಖ್ಯವಿಷಯವಿಷ್ಟು: ಬಹಳವಾಗಿ ಕುಡಿಯುವವನು ವೈದ್ಯರನ್ನು ಕಂಡ ಬಳಿಕವೇ ಬಿಡತಕ್ಕದ್ದು. ಹಿಂದೆ ಫಿಟ್ಸ್ ಅಥವಾ ಸನ್ನಿ ಬಂದಿದ್ದವನಿಗೆ ಆಸ್ಪತ್ರೆಯೇ ಯೋಗ್ಯ. ಫಿಟ್ಸ್ ಬಂದರೆ ಕೈಗೆ ಕಬ್ಬಿಣ ಕೊಡುವುದಾಗಲಿ ಬಾಯಿಗೆ ಏನನ್ನಾದರೂ ತುರುಕುವುದಾಗಲಿ ಬೇಡ. ಮಗ್ಗುಲಾಗಿಸಿ 108ಕ್ಕೆ ಕರೆಮಾಡಿರಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನಮುಕ್ತಿಯ ಪ್ರತ್ಯೇಕ ಕೇಂದ್ರವುಂಟು. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446.

ನಡುಕ ಕೆಲವು ದಿನಗಳಲ್ಲಿ ಅಡಗುವುದು. ಕುಡಿಯಬೇಕೆಂಬ ಚಪಲ ತಿಂಗಳುಗಟ್ಟಲೆ ಉಳಿಯುವುದು. ದಾದಿಯು ಆಸ್ಪತ್ರೆಯಲ್ಲಿ ಆರಂಭಿಸಿದ ಶುಶ್ರೂಷೆಯನ್ನು ಮನೆಯವರು ಅದೇ ಅನುರಾಗದಿಂದ ಮುಂದುವರಿಸಿದರೆ ಅವನು ಇಟ್ಟ ಆಣೆಗೆ ಬಲ ಬಂದೀತು.