ಬಾವುಟದ ಹಿಂದೆ 12 ದಿನ: ಅಪ್ಪ, ಅಮ್ಮ ಮತ್ತು ಜಪಾನ್

‘ಜಪಾನ್‌ಗೆ ಗ್ರೂಪ್ ಟೂರಾ?’ ಆಫೀಸಿನಲ್ಲಿ ಯಾರಿಗೆ ಹೇಳಿದರೂ ಇದೇ ಪ್ರಶ್ನೆ, ಜೊತೆಗೆ ಒಂದು ನಗು. ನಮ್ಮ ವಯಸ್ಸಿನವರು ಜಪಾನ್‌ಗೆ ಹೋಗುವುದು ಬೇರೆ ಥರ. ರೈಲ್ವೆ ಪಾಸು, ಗೂಗಲ್ ಮ್ಯಾಪ್ಸ್, ಎಕ್ಸೆಲ್‌ನಲ್ಲಿ ಮಾಡಿಟ್ಟ ಪ್ಲಾನು, ಬೆನ್ನಿಗೊಂದು ಬ್ಯಾಗು. ಬಾವುಟ ಹಿಡಿದ ಮ್ಯಾನೇಜರ್ ಹಿಂದೆ ಸಾಲಾಗಿ ನಡೆಯುವುದು ಅಂಕಲ್-ಆಂಟಿಯರ ಕೆಲಸ ಅನ್ನುವುದು ಎಲ್ಲರ ಅಭಿಪ್ರಾಯ. ನಾನು ಹೋಗಿದ್ದೇ ಅಂಕಲ್-ಆಂಟಿಯರ ಜೊತೆ. ಅಪ್ಪನಿಗೆ 67, ಅಮ್ಮನಿಗೆ 61. ಅಮ್ಮನಿಗೆ ಮಂಡಿನೋವು, ಮೇಲೆ ಮೊಟ್ಟೆಯೂ ತಿನ್ನದ ಶುದ್ಧ ಸಸ್ಯಾಹಾರ. ಇವರಿಬ್ಬರನ್ನೂ ಕಟ್ಟಿಕೊಂಡು, ಭಾಷೆ ಬಾರದ ಊರಿನಲ್ಲಿ ದಿನಾ ಊಟ ಹುಡುಕುವ ಧೈರ್ಯ ನನಗಿರಲಿಲ್ಲ.

ನಮ್ಮ ಗುಂಪಿನಲ್ಲಿ 27 ಜನ. ಅರ್ಧಕ್ಕಿಂತ ಹೆಚ್ಚು ರಾಜಾಜಿನಗರ, ವಿಜಯನಗರ, ಬಸವೇಶ್ವರನಗರದವರು. ಕೆಂಗೇರಿಯಿಂದ ಒಂದು ದಂಪತಿ. ಮಾರ್ಚ್ ಕೊನೆಯ ವಾರ ಹೊರಟು ಸಿಂಗಪುರದಲ್ಲಿ ವಿಮಾನ ಬದಲಿಸಿ ಫುಕುವೊಕಾ. ಅಲ್ಲಿಂದ ಕುಮಾಮೊಟೊ, ಬೆಪ್ಪು, ಹಿರೋಶಿಮಾ, ಹಿಮೇಜಿ, ಕ್ಯೋಟೊ, ನಾರಾ, ಕೊನೆಗೆ ಒಸಾಕಾ. ಟೋಕಿಯೊ ಇಲ್ಲ, ಫ್ಯೂಜಿ ಇಲ್ಲ. ‘ಫ್ಯೂಜಿ ಇಲ್ಲದ ಜಪಾನ್ ಎಂಥದ್ದು?’ ಅಂತ ಪಕ್ಕದ ಮನೆಯವರು ಕೇಳಿದಾಗ ಅಮ್ಮನ ಮುಖ ಸಪ್ಪಗಾಗಿತ್ತು.

ಅಪ್ಪನಿಗೆ ಮಾತ್ರ ಯಾವ ಊರಾದರೂ ಸರಿ, ಜಪಾನ್ ಆದರೆ ಸಾಕಿತ್ತು. ಜಾಲಹಳ್ಳಿಯ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿ ಅಸೆಂಬ್ಲಿಯಲ್ಲಿದ್ದವರು ಅವರು. ಆ ಫ್ಯಾಕ್ಟರಿ ಶುರುವಾಗಿದ್ದು 1961ರಲ್ಲಿ, ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ. ಅಪ್ಪ ಸೇರಿದ್ದು ಅದಾಗಿ 20 ವರ್ಷಕ್ಕೆ. ಜಪಾನ್‌ಗೆ ಹೋಗಿ ಟ್ರೈನಿಂಗ್ ಮುಗಿಸಿ ಬಂದ ಸೀನಿಯರ್‌ಗಳ ಕಥೆ ಕೇಳುತ್ತಲೇ ಅವರು ಕೆಲಸ ಕಲಿತಿದ್ದು. ಆಮೇಲೆ ವಿಆರ್‌ಎಸ್ ತಗೊಂಡು ಕಾಮಾಕ್ಷಿಪಾಳ್ಯದಲ್ಲಿ ಸ್ನೇಹಿತರ ಲೇತ್ ಶಾಪ್ ಸೇರಿದರು. 2016ರಲ್ಲಿ ಕೇಂದ್ರ ಸರ್ಕಾರ ವಾಚ್ ಕಂಪನಿ ಮುಚ್ಚುವ ತೀರ್ಮಾನ ಮಾಡಿದ ದಿನ ಅಪ್ಪ ಪೇಪರ್ ಮಡಚಿಟ್ಟು ವಾಕಿಂಗ್ ಹೋದರು, ಏನೂ ಮಾತಾಡಲಿಲ್ಲ. ಕೈಯಲ್ಲಿರುವ ‘ಜನತಾ’ಕ್ಕೆ ಮಾತ್ರ ಇವತ್ತಿಗೂ ದಿನಾ ಬೆಳಿಗ್ಗೆ ಕೀ ಕೊಡುತ್ತಾರೆ.

ಹೂವಿನ ವಿಷಯ ಮೊದಲು ಹೇಳಿಬಿಡುತ್ತೇನೆ. ಟೂರಿನ ಹೆಸರಲ್ಲೇ ಸಕುರಾ ಇರುತ್ತೆ, ದುಡ್ಡು ಕಟ್ಟುವುದು ಆರು ತಿಂಗಳು ಮುಂಚೆ. ಆದರೆ ಒಂದು ಊರಿನಲ್ಲಿ ಹೂವು ಚೆನ್ನಾಗಿ ನಿಲ್ಲುವುದು ಹೆಚ್ಚೂಕಡಿಮೆ ಒಂದು ವಾರ. ಜಪಾನಿನಲ್ಲಿ ಎಲ್ಲೆಲ್ಲೂ ಕಾಣುವ ಸೊಮೆಯಿ ಯೊಶಿನೊ ಜಾತಿಯ ಮರಗಳನ್ನು ಕಸಿ ಮಾಡಿಯೇ ಬೆಳೆಸುತ್ತಾರೆ. ಒಂದೇ ಕೋಡಿನ ಲಕ್ಷಾಂತರ ಕಾಪಿ ಇದ್ದಂತೆ, ಹಾಗಾಗಿ ಒಂದೂರಿನ ಮರಗಳೆಲ್ಲ ಒಟ್ಟಿಗೆ ಅರಳಿ ಒಟ್ಟಿಗೆ ಉದುರುತ್ತವೆ. ಹವಾಮಾನ ಇಲಾಖೆಯವರು ಮಾದರಿ ಮರ ಅಂತ ಒಂದನ್ನು ಇಟ್ಟುಕೊಂಡಿರುತ್ತಾರೆ. ಅದರಲ್ಲಿ ಐದಾರು ಹೂವು ಬಿಟ್ಟರೆ ‘ಶುರುವಾಯಿತು’ ಅಂತ ಘೋಷಣೆ, ಶೇಕಡಾ 80 ಅರಳಿದರೆ ‘ಪೂರ್ತಿ’. ದಕ್ಷಿಣದಿಂದ ಶುರುಮಾಡಿ ಪೂರ್ವದ ಕಡೆ ಬರುವ ನಮ್ಮಂಥ ಟೂರಿಗೆ ಇದರಿಂದ ಒಂದು ಲಾಭ: ಒಂದೂರಲ್ಲಿ ತಪ್ಪಿದ್ದು ಇನ್ನೊಂದೂರಲ್ಲಿ ಸಿಗಬಹುದು. ಫುಕುವೊಕಾದ ಹಳೇ ಕೋಟೆಯ ಮೈದಾನದಲ್ಲಿ ಮುಕ್ಕಾಲು ಮೊಗ್ಗು. ಚಳಿಯಲ್ಲೂ ಜನ ಕೆಳಗೆ ನೀಲಿ ಶೀಟ್ ಹಾಸಿಕೊಂಡು ಡಬ್ಬಿ ಬಿಚ್ಚಿದ್ದರು. ‘ನಮ್ಮ ರೋಡಲ್ಲೂ ಪಿಂಕ್ ಹೂವು ಬಿಡುತ್ತೆ, ಯಾರು ತಲೆ ಎತ್ತಿ ನೋಡ್ತಾರೆ?’ ಅಂದರು ಅಮ್ಮ. ಅವರು ಹೇಳಿದ್ದು ಬಸವೇಶ್ವರನಗರದ ಟಬೆಬುಯಾ ಮರಗಳನ್ನು. ಅದರ ಕೆಳಗೆ ನಾವು ಕಾರು ನಿಲ್ಲಿಸ್ತೀವಿ, ಅಷ್ಟೇ.

ಊಟದ ಚಿಂತೆ ಎಲ್ಲರಿಗೂ ಇರುತ್ತೆ. ರಾತ್ರಿ ಊಟಕ್ಕೆ ಹೆಚ್ಚಿನ ದಿನ ಇಂಡಿಯನ್ ಹೋಟೆಲೇ, ಅದೇ ಪನೀರ್, ಅದೇ ನಾನ್. ಕಷ್ಟ ಮಧ್ಯಾಹ್ನದ್ದು. ಅಲ್ಲಿ ತರಕಾರಿ ಸೂಪ್ ಅಂದರೂ ಅದರ ತಿಳಿ ಒಣಮೀನಿನದ್ದಾಗಿರಬಹುದು. ಎಲ್ಲರೂ ಕೊಳ್ಳುವ ಮೊಮಿಜಿ ಮಂಜು ಅನ್ನೋ ಎಲೆಯಾಕಾರದ ಸಿಹಿಯ ಹಿಟ್ಟಿನಲ್ಲಿ ಮೊಟ್ಟೆ ಇರುತ್ತೆ. ಡಜೈಫು ದೇವಸ್ಥಾನದ ಬೀದಿಯಲ್ಲಿ ಸುಡುಸುಡು ಕೊಡುವ ಉಮೆಗಾಯೆ ಮೊಚಿ ಮಾತ್ರ ಅಕ್ಕಿಹಿಟ್ಟು, ಕೆಂಪು ಕಾಳಿನ ಹೂರಣ. ಅಮ್ಮ ಮೂರು ತಿಂದರು. ಎರಡನೇ ದಿನವೇ ಅವರೊಂದು ದಾರಿ ಕಂಡುಕೊಂಡರು. ರಸ್ತೆಗೊಂದಿರುವ 24 ಗಂಟೆಯ ಅಂಗಡಿಯಲ್ಲಿ ಬಿಳಿ ಅನ್ನದ ಪ್ಯಾಕೆಟ್ಟು, ಸಿಹಿ ಹಾಕದ ಮೊಸರು ಎರಡೂ ಸಿಗುತ್ತೆ. ಅಂಗಡಿಯವರೇ ಅನ್ನ ಬಿಸಿ ಮಾಡಿಕೊಡ್ತಾರೆ. ರೂಮಿಗೆ ತಂದು ಕಲಸಿ, ಮನೆಯಿಂದ ತಂದ ಮಿಡಿ ಉಪ್ಪಿನಕಾಯಿ ಹಾಕಿಕೊಂಡರೆ ಆಯ್ತು. ವಿಜಯನಗರದ ಇಬ್ಬರು ಆಂಟಿಯರು ಸೇರಿಕೊಂಡರು. ನಾಲ್ಕನೇ ದಿನಕ್ಕೆ ಅಮ್ಮನ ರೂಮು ಮೊಸರನ್ನದ ಅಡ್ಡಾ ಆಗಿತ್ತು.

ಬೆಪ್ಪುವಿನಲ್ಲಿ ಆ ತೊಂದರೆಯೂ ಇರಲಿಲ್ಲ. ಊರಿಗೆ ಊರೇ ಹೊಗೆಯಾಡುತ್ತೆ. ಚರಂಡಿ ಜಾಲರಿಯಿಂದಲೂ ಆವಿ. ಬಿಸಿನೀರಿನ ಬುಗ್ಗೆಗಳಿಗೆ ಅವರಿಟ್ಟ ಹೆಸರು ‘ನರಕ’. ಒಂದು ನೀಲಿ, ಒಂದು ರಕ್ತದಂತೆ ಕೆಂಪು. ಕನ್ನಾವಾ ಅನ್ನುವ ಬೀದಿಯಲ್ಲಿ ನೆಲದ ಆವಿಯಲ್ಲೇ ಗೆಣಸು, ಜೋಳ, ಕುಂಬಳಕಾಯಿ ಬೇಯಿಸಿಕೊಡುತ್ತಾರೆ. ‘ನರಕದಲ್ಲೇ ಒಳ್ಳೆ ಊಟ ಸಿಗ್ತಲ್ಲೇ’ ಅಂತ ಅಮ್ಮ ಚಟ್ನಿಪುಡಿ ಡಬ್ಬಿ ತೆಗೆದರು.

ಕುಮಾಮೊಟೊ ಕೋಟೆ ಬಗ್ಗೆ ಒಂದೇ ಮಾತು. 2016ರ ಏಪ್ರಿಲ್‌ನ ಭೂಕಂಪದಲ್ಲಿ ಕುಸಿದ ಗೋಡೆಗಳ ಕಲ್ಲುಗಳಿಗೆ ಒಂದೊಂದಕ್ಕೂ ನಂಬರ್ ಬರೆದು ಮೈದಾನದಲ್ಲಿ ಸಾಲಾಗಿ ಇಟ್ಟಿದ್ದಾರೆ. ಪ್ರತಿ ಕಲ್ಲೂ ಇದ್ದ ಜಾಗಕ್ಕೇ ವಾಪಸ್ ಹೋಗಬೇಕು. ಮುಖ್ಯ ಗೋಪುರ 2021ರಲ್ಲಿ ತೆರೆಯಿತು, ಪೂರ್ತಿ ಕೆಲಸ ಮುಗಿಯುವುದು 2052ಕ್ಕಂತೆ. ಎರಡು ವಾರದ ಸ್ಪ್ರಿಂಟ್‌ನಲ್ಲಿ ಬದುಕುವ ನನಗೆ ಆ ಡೆಡ್‌ಲೈನ್ ನೋಡಿ ತಲೆ ತಿರುಗಿತು.

ಕೊಕುರಾದಿಂದ ಹಿರೋಶಿಮಾಕ್ಕೆ ಶಿಂಕಾನ್ಸೆನ್, ಒಂದು ಗಂಟೆಯೊಳಗೆ ತಲುಪುತ್ತೆ. ರೈಲು ನಿಲ್ಲುವುದು ಒಂದೆರಡು ನಿಮಿಷ, ಅಷ್ಟರಲ್ಲಿ 27 ಜನ ಹತ್ತಬೇಕು. ಮ್ಯಾನೇಜರ್ ಹಿಂದಿನ ರಾತ್ರಿಯೇ ಹೋಟೆಲ್ ಲಾಬಿಯಲ್ಲಿ ರಿಹರ್ಸಲ್ ಮಾಡಿಸಿದ್ದರು. ದೊಡ್ಡ ಸೂಟ್‌ಕೇಸ್‌ಗಳನ್ನು ಮೊದಲೇ ಕೊರಿಯರ್‌ನಲ್ಲಿ ಒಸಾಕಾ ಹೋಟೆಲಿಗೆ ಕಳಿಸಿಯಾಗಿತ್ತು. ಈ ಸೌಲಭ್ಯ ಅಲ್ಲಿ ಎಲ್ಲ ಕಡೆ ಇದೆ, ಒಂಟಿಯಾಗಿ ಹೋಗುವವರೂ ಬಳಸಬಹುದು. ಕೆಂಗೇರಿಯ ಅಂಕಲ್ ಎಲ್ಲರಿಗಿಂತ ಮೊದಲು ಹತ್ತಿ, ‘ಮೆಜೆಸ್ಟಿಕ್‌ನಲ್ಲಿ ಸೀಟು ಹಿಡಿದವನಿಗೆ ಇದೆಲ್ಲಾ ಯಾವ ಲೆಕ್ಕ’ ಅಂದರು.

ಹಿರೋಶಿಮಾದಲ್ಲಿ ನಮ್ಮ ಪಟ್ಟಿಯಲ್ಲಿದ್ದದ್ದು ಹೀಗೆ: ಬೆಳಿಗ್ಗೆ 9:30ಕ್ಕೆ ಶಾಂತಿ ಉದ್ಯಾನ ಮತ್ತು ಮ್ಯೂಸಿಯಂ, 11:30ಕ್ಕೆ ಬಸ್, ಮಧ್ಯಾಹ್ನ ಮಿಯಾಜಿಮಾ ದ್ವೀಪ. ಎರಡೇ ಗಂಟೆ.

ಹೂವು ಪೂರ್ತಿ ಅರಳಿದ್ದು ಅಲ್ಲೇ. ಮೊತೊಯಾಸು ನದಿಯ ದಡದುದ್ದಕ್ಕೂ ಬಿಳಿ-ಗುಲಾಬಿ, ಅದರ ಹಿಂದೆ ಬರೀ ಕಬ್ಬಿಣದ ಪಂಜರ ಉಳಿದ ಗುಮ್ಮಟ. 1915ರಲ್ಲಿ ಕಟ್ಟಿದ್ದ ವಸ್ತುಪ್ರದರ್ಶನದ ಕಟ್ಟಡ ಅದು. 1945ರ ಆಗಸ್ಟ್ 6ರ ಬೆಳಿಗ್ಗೆ 8:15ಕ್ಕೆ ಹೆಚ್ಚುಕಡಿಮೆ ಅದರ ನೆತ್ತಿಯ ಮೇಲೇ ಬಾಂಬ್ ಸಿಡಿಯಿತು. ಆ ವರ್ಷದ ಕೊನೆಯ ಹೊತ್ತಿಗೆ ಸತ್ತವರು ಸುಮಾರು 1,40,000 ಅಂತ ಅಂದಾಜು. ಅದರ ಎದುರು ದಡದಲ್ಲಿ ಈಗ ಮಕ್ಕಳು ಚೆಂಡಾಡುತ್ತಿದ್ದರು, ಅಜ್ಜಿಯರು ಟೀ ಕುಡಿಯುತ್ತಿದ್ದರು. ನಮ್ಮ ಗುಂಪಿನವರಿಗೆ ಅಲ್ಲಿ ಫೋಟೊ ತೆಗೆಯಬಹುದೋ ಬೇಡವೋ ಗೊತ್ತಾಗಲಿಲ್ಲ. ತೆಗೆದವರೂ ನಗದೆ ನಿಂತು ತೆಗೆದರು.

ಮ್ಯೂಸಿಯಂನ ಮೊದಲ ಹಾಲ್ ಮುಗಿಯುವಷ್ಟರಲ್ಲಿ ಅಮ್ಮ ‘ನನ್ನ ಕೈಲಾಗಲ್ಲಮ್ಮ’ ಅಂತ ಹೊರಗೆ ಹೋದರು. ಅಲ್ಲಿರುವುದು ಸುಟ್ಟ ಸ್ಕೂಲ್ ಯೂನಿಫಾರ್ಮ್, ಊಟದ ಡಬ್ಬಿ, ಚಪ್ಪಲಿ. ಹೊರಗೆ ಸಡಾಕೊ ಸಸಾಕಿಯ ನೆನಪಿನ ಮಕ್ಕಳ ಸ್ಮಾರಕದ ಹತ್ತಿರ ಕೂತಿದ್ದರಂತೆ. ಬಾಂಬ್ ಬಿದ್ದಾಗ ಎರಡು ವರ್ಷವಿದ್ದ ಆ ಹುಡುಗಿ 1955ರಲ್ಲಿ, 12ನೇ ವಯಸ್ಸಿನಲ್ಲಿ ರಕ್ತದ ಕ್ಯಾನ್ಸರ್‌ನಿಂದ ತೀರಿಕೊಂಡಳು. ಅವಳ ಹೆಸರಿನಲ್ಲಿ ಮಕ್ಕಳು ಕಳಿಸುವ ಕಾಗದದ ಕೊಕ್ಕರೆಗಳು ಗಾಜಿನ ಗೂಡು ತುಂಬ ಇವೆ.

ಅಪ್ಪ ಒಳಗೇ ಇದ್ದರು. 8:15ಕ್ಕೆ ನಿಂತುಹೋದ ಒಂದು ಗಡಿಯಾರದ ಮುಂದೆ. ಹಿಂದೆ ಕ್ಯೂ ಬೆಳೆಯುತ್ತಿತ್ತು. ಪಕ್ಕಕ್ಕೆ ಸರಿದು ಜಾಗ ಬಿಟ್ಟರು, ಮತ್ತೆ ಬಂದು ನಿಂತರು. ನಾನು ‘ಟೈಮ್ ಆಯ್ತಪ್ಪ’ ಅಂದೆ. ‘ಇದು ರಿಪೇರಿಗೆ ಬರಲ್ಲಮ್ಮ. ಆ ಬಿಸಿಗೆ ಹೇರ್‌ಸ್ಪ್ರಿಂಗ್‌ನ ಟೆಂಪರ್ರೇ ಹೋಗಿರುತ್ತೆ’ ಅಂದರು. ಸ್ವಲ್ಪ ಹೊತ್ತು ಬಿಟ್ಟು, ‘ಇಂಥದ್ದಾಗಿ 16 ವರ್ಷಕ್ಕೆ ನಮಗೆ ವಾಚ್ ಮಾಡೋದು ಕಲಿಸಿದರಲ್ಲ ಇವರು’ ಅಂದರು. ಆ ಲೆಕ್ಕ ನನಗೆ ಯಾವತ್ತೂ ಹೊಳೆದಿರಲಿಲ್ಲ. 1945, 1961.

ಆಮೇಲೆ ಅವರು ಹೇಳಿದ್ದು ಇಷ್ಟೇ: ‘ನೀವೆಲ್ಲಾ ಹೋಗಿ, ನಾನು ಇದನ್ನ ಪೂರ್ತಿ ನೋಡಿ ಬರ್ತೀನಿ.’

ಗ್ರೂಪ್ ಟೂರಿನಲ್ಲಿ ಈ ಮಾತಿಗೆ ಜಾಗವಿಲ್ಲ. ಒಬ್ಬರು ತಡಮಾಡಿದರೆ 26 ಜನರ ದೋಣಿ ತಪ್ಪುತ್ತೆ. ನಾನು ಹೊರಗೆ ಬಂದು ಮ್ಯಾನೇಜರ್‌ಗೆ ಕೇಳಿದೆ. ಅವರು ನನ್ನನ್ನೊಮ್ಮೆ, ಗಡಿಯಾರವನ್ನೊಮ್ಮೆ ನೋಡಿ, ‘ಮೇಡಂ, ವಾಟ್ಸ್ಯಾಪ್‌ನಲ್ಲಿ ಒಂದು ಮೆಸೇಜ್ ಹಾಕಿಬಿಡಿ, ನಿಮ್ಮ ಇಷ್ಟದಿಂದ ಬಿಟ್ಟು ಹೋಗ್ತಿದೀರ ಅಂತ. ಸಂಜೆ 5ಕ್ಕೆ ದ್ವೀಪದ ಜೆಟ್ಟಿಯಲ್ಲಿ ಸಿಗಿ’ ಅಂದರು. ಅಷ್ಟು ಸುಲಭ. ಅಮ್ಮನನ್ನು ಕೇಳಿದರೆ, ‘ನಾನು ಇವರ ಜೊತೆ ಹೋಗ್ತೀನಿ, ನೀವಿಬ್ಬರೂ ಬನ್ನಿ’ ಅಂತ ಮೊಸರನ್ನದ ಗುಂಪಿನ ಜೊತೆ ಬಸ್ ಹತ್ತಿದರು. ಹಿಂತಿರುಗಿಯೂ ನೋಡಲಿಲ್ಲ.

ನಾವು ಹೊರಟಾಗ ಒಂದೂವರೆ ದಾಟಿತ್ತು. ಗುಮ್ಮಟದ ಎದುರಿನ ಸ್ಟಾಪಿನಲ್ಲೇ ಟ್ರಾಮ್ ಹತ್ತಿದರೆ ಸುಮಾರು ಒಂದು ಗಂಟೆಗೆ ಮಿಯಾಜಿಮಾಗುಚಿ, ಅಲ್ಲಿಂದ ಹತ್ತು ನಿಮಿಷದ ದೋಣಿ. ಬಾಂಬ್ ಬಿದ್ದ ಮೂರನೇ ದಿನಕ್ಕೇ ಈ ಊರಿನ ಟ್ರಾಮ್ ಸ್ವಲ್ಪ ದೂರ ಮತ್ತೆ ಓಡಿತ್ತಂತೆ. ಅದನ್ನು ಹೇಳಿದ್ದೇ ತಡ, ಅಪ್ಪ ಮಾತಾಡಲು ಶುರು ಮಾಡಿದರು. ಹೊಸದಾಗಿ ಸೇರಿದವರಿಗೆ ಬರೀ ಟ್ವೀಜರ್ ಹಿಡಿಯುವುದನ್ನೇ ವಾರಗಟ್ಟಲೆ ಕಲಿಸುತ್ತಿದ್ದದ್ದು, ಫ್ಯಾಕ್ಟರಿ ಬಸ್ಸು, ಕ್ಯಾಂಟೀನ್ ಉಪ್ಪಿಟ್ಟು. ಅರ್ಧಕ್ಕರ್ಧ ನಾನು ಕೇಳಿರದ ಕಥೆಗಳು. ಬಸವೇಶ್ವರನಗರದ ಮನೆಯಲ್ಲಿ ನಾವಿಬ್ಬರೂ ಒಂದು ಗಂಟೆ ಎದುರುಬದುರು ಕೂತು ಮಾತಾಡಿದ್ದು ಯಾವಾಗ ಅಂತ ನೆನಪಾಗಲಿಲ್ಲ.

ದ್ವೀಪದಲ್ಲಿ ನೀರಿನ ನಡುವೆ ನಿಂತ ಕೆಂಪು ತೊರಿಯೀ ದ್ವಾರವನ್ನು ಫೋಟೊದಲ್ಲಿ ಎಲ್ಲರೂ ನೋಡಿರುತ್ತೀರಿ. ಈಗಿನದು 1875ರದ್ದು, ಎತ್ತರ 16 ಮೀಟರಿಗೂ ಹೆಚ್ಚು. ಕಂಬಗಳನ್ನು ಹೂತಿಲ್ಲ, ಮೇಲಿನ ಅಡ್ಡತೊಲೆಯೊಳಗೆ ಕಲ್ಲು ತುಂಬಿದ್ದಾರೆ, ತನ್ನ ಭಾರಕ್ಕೆ ತಾನೇ ನಿಂತಿದೆ. ‘ನಮ್ಮ ಬೇಲೂರಿನ ಅಂಗಳದ ಕಂಬದ ಹಾಗೆ’ ಅಂದರು ಅಪ್ಪ. ಅಮ್ಮ ನಮಗಿಂತ ಮುಂದಿದ್ದರು. ಅಲ್ಲಿನ ದೈಗಾನ್‌ಜಿ ದೇವಸ್ಥಾನದ ಬೆನ್‌ಜಾಯ್‌ಟೆನ್ ಅಂದರೆ ನಮ್ಮ ಸರಸ್ವತಿಯೇ ಅಂತ ಗೈಡ್ ಹೇಳಿದ್ದರಂತೆ. ‘ರೀ, ವೀಣೆ ಹಿಡಿದಿರ್ತಾಳಂತೆ ಇಲ್ಲೂ. ಒಳಗಿನ ಮೂರ್ತಿ ದಿನಾ ತೋರಿಸಲ್ಲ. ಕಾಸು ಹಾಕಿ ಕೈ ಮುಗಿದು ಬಂದೆ’ ಅಂತ ಖುಷಿಯಿಂದ ವರದಿ ಒಪ್ಪಿಸಿದರು.

ಹಿಮೇಜಿ ಕೋಟೆ ಬೆಳ್ಳಗೆ, ಭವ್ಯವಾಗಿದೆ. ಆದರೆ ಆರು ಅಂತಸ್ತು, ಕಡಿದಾದ ಮರದ ಮೆಟ್ಟಿಲು, ಶೂ ಬಿಚ್ಚಿ ಕೈಯಲ್ಲಿ ಹಿಡಿಯಬೇಕು. ಮಂಡಿನೋವಿನವರು ಕೆಳಗೆ ಮರದಡಿ ಕೂತರೆ ನಷ್ಟವೇನಿಲ್ಲ. ಕ್ಯೋಟೊ ನನಗೆ ಹಿಡಿಸಲಿಲ್ಲ. ಸಕುರಾ ಸೀಸನ್ನಿನಲ್ಲಿ ಅಲ್ಲಿನ ಜನಜಂಗುಳಿಗೆ ಹೋಲಿಸಿದರೆ ಹಬ್ಬದ ಹಿಂದಿನ ದಿನದ ಕೆ.ಆರ್. ಮಾರ್ಕೆಟ್ಟೇ ವಾಸಿ. ನಾರಾ ಮಾತ್ರ ಬಿಡಬೇಡಿ. ತೊದಾಯ್‌ಜಿಯ ದೊಡ್ಡ ಬುದ್ಧನಿಗೆ 752ರಲ್ಲಿ ಕಣ್ಣು ಬರೆದದ್ದು ಬೋಧಿಸೇನ ಅನ್ನುವ ಭಾರತದ ಭಿಕ್ಷು. ಕುಂಚಕ್ಕೆ ಉದ್ದನೆಯ ದಾರ ಕಟ್ಟಿ, ನೆರೆದವರೆಲ್ಲ ಅದನ್ನು ಹಿಡಿದುಕೊಂಡಿದ್ದರಂತೆ. ಆ ದಾರದ ಮಾತು ಕೇಳಿ ಅಮ್ಮ ಬುದ್ಧನನ್ನು ಇನ್ನೊಂದು ಸುತ್ತು ನೋಡಿ ಬಂದರು.

ಒಸಾಕಾದ ದೊಡ್ಡ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ನಮಗೆ ಕೊಟ್ಟಿದ್ದು ಒಂದು ಗಂಟೆ. ಅಪ್ಪ ವಾಚ್ ವಿಭಾಗ ಬಿಟ್ಟು ಕದಲಲಿಲ್ಲ. ಕೊನೆಗೆ ತಮ್ಮ ‘ಜನತಾ’ ಬಿಚ್ಚಿ ಕೌಂಟರ್ ಮೇಲಿಟ್ಟರು. ಅಲ್ಲಿದ್ದ ಹಿರಿಯ ಸೇಲ್ಸ್‌ಮನ್ ಎರಡೂ ಕೈಯಲ್ಲಿ ತಗೊಂಡು, ಕಿವಿಗೆ ಹಿಡಿದು, ಡಯಲ್ ಮೇಲಿನ ಹಿಂದಿ ಅಕ್ಷರ ತೋರಿಸಿ ಏನೋ ಕೇಳಿದರು. ನಾನು ಫೋನಿನಲ್ಲಿ ಟ್ರಾನ್ಸ್‌ಲೇಟ್ ಆ್ಯಪ್ ತೆಗೆಯುವಷ್ಟರಲ್ಲಿ ಅಪ್ಪ ‘ಸಿಟಿಜನ್, ಬೆಂಗಳೂರು’ ಅಂತ ಕೈಸನ್ನೆಯಲ್ಲೇ ಶುರು ಮಾಡಿದ್ದರು. ಹತ್ತು ನಿಮಿಷ ಇಬ್ಬರೂ ಹಾಗೇ ಮಾತಾಡಿದರು. ಅಪ್ಪ ಏನೂ ಕೊಳ್ಳಲಿಲ್ಲ. ಅಮ್ಮ ಎರಡು ನೇಲ್ ಕಟರ್ ತಗೊಂಡರು.

ಅಪ್ಪ-ಅಮ್ಮನನ್ನು ಕರೆದುಕೊಂಡು ಹೋಗುವ ಯೋಚನೆಯಿದ್ದರೆ ದುಡ್ಡಿನ ಲೆಕ್ಕವೂ ಕೇಳಿ. ನಮಗೆ ತಲೆಗೆ 3.6 ಲಕ್ಷ ರೂಪಾಯಿ ಆಯಿತು, ಶಾಪಿಂಗ್ ಬಿಟ್ಟು. ಬುಕ್ ಮಾಡುವಾಗ ಟಿಸಿಎಸ್ ಅಂತ ತೆರಿಗೆ ಸೇರಿಸುತ್ತಾರೆ. ಅದು ಯಾರ ಪ್ಯಾನ್ ಮೇಲೆ ಕಟ್ಟಿದೆಯೋ ಅವರು ರಿಟರ್ನ್ ಸಲ್ಲಿಸಿದರೆ ಮಾತ್ರ ಲೆಕ್ಕಕ್ಕೆ ಬರುತ್ತೆ. ರಿಟರ್ನ್ ಹಾಕದ ಅಪ್ಪ-ಅಮ್ಮನ ಹೆಸರಲ್ಲಿ ಕಟ್ಟಿಸಿಕೊಂಡರೆ ಆಮೇಲೆ ಒದ್ದಾಟ. ‘ಎಷ್ಟು ಊರು ತೋರಿಸ್ತೀರಿ’ ಅಂತ ಕೇಳುವ ಬದಲು, ದಿನಕ್ಕೆ ಎಷ್ಟು ನಡಿಗೆ, ಯಾವ ಹೋಟೆಲಲ್ಲಿ ಎರಡು ರಾತ್ರಿ, ಮಧ್ಯೆ ಒಂದರ್ಧ ದಿನ ಗುಂಪು ಬಿಟ್ಟು ಹೋಗಬಹುದಾ ಅಂತ ಕೇಳಿ. ನನ್ನ ಫೋನಿನಲ್ಲಿ ದಿನಕ್ಕೆ 14,000 ಹೆಜ್ಜೆಗೆ ಕಡಿಮೆ ಇದ್ದದ್ದು ವಿಮಾನದ ದಿನಗಳು ಮಾತ್ರ. ಹೊರಡುವ ಎರಡು ತಿಂಗಳು ಮುಂಚಿನಿಂದ ಅವರನ್ನು ಸಂಜೆ ಪಾರ್ಕಿಗೆ ನಡೆಸಿ. ನಮ್ಮಮ್ಮ ಮೊದಲ ವಾರ ಬೈದರು, ಆಮೇಲೆ ಅವರೇ ನನಗೆ ಕಾಯುತ್ತಿದ್ದರು.