ಆಸ್ಪತ್ರೆ ಸೇರಿದ ಕೊರೋನಾ ರೋಗಿಗಳ ಉಳಿವು: ಕಾರಣವಿಚಾರ

೨೦೨೦ರಲ್ಲಿ ಲೋಕವನ್ನೆಲ್ಲ ವ್ಯಾಪಿಸಿದ ಕೊರೋನಾ ಸಾಂಕ್ರಾಮಿಕದಲ್ಲಿ ಆಸ್ಪತ್ರೆಯನ್ನು ಸೇರಿದವರೆಲ್ಲರಿಗೂ ಒಂದೇ ಗತಿಯುಂಟಾಗಲಿಲ್ಲ. ಪಕ್ಕಪಕ್ಕದ ಮಂಚಗಳಲ್ಲಿದ್ದ ಇಬ್ಬರಲ್ಲಿ ಒಬ್ಬನು ಗುಣಹೊಂದಿ ಮನೆಗೆ ತೆರಳಿದರೆ ಮತ್ತೊಬ್ಬನು ಉಳಿಯದೆ ಹೋದುದುಂಟು. ಈ ಭೇದಕ್ಕೆ ಕಾರಣಗಳಾವುವು, ಅವುಗಳಲ್ಲಿ ವೈದ್ಯನ ಕೈಗೆ ಎಟುಕುವುವು ಯಾವುವು ಎಂಬುದನ್ನು ವಿಚಾರಿಸುವುದಕ್ಕೆ ಬ್ರಿಟನ್ ದೇಶದ ದಾಖಲೆಗಳು ಉತ್ತಮವಾದ ಸಾಮಗ್ರಿಯನ್ನೊದಗಿಸುತ್ತವೆ.

ಆ ವರ್ಷದ ಫೆಬ್ರವರಿಯಿಂದ ಏಪ್ರಿಲ್ ವರೆಗೆ ಅಲ್ಲಿನ ೨೦೮ ಆಸ್ಪತ್ರೆಗಳನ್ನು ಸೇರಿದ ೨೦,೧೩೩ ರೋಗಿಗಳ ವಿವರಗಳನ್ನು ಸಂಗ್ರಹಿಸಲಾಯಿತು. ಅವರಲ್ಲಿ ಅರ್ಧದಷ್ಟು ಮಂದಿ ೭೩ ವರ್ಷಕ್ಕೆ ಮೇಲ್ಪಟ್ಟವರು. ನೂರಕ್ಕೆ ೬೦ ಮಂದಿ ಗಂಡಸರು. ಲೆಕ್ಕ ಹಾಕುವ ವೇಳೆಗೆ ನೂರಕ್ಕೆ ೪೧ ಮಂದಿ ಬಿಡುಗಡೆ ಹೊಂದಿದ್ದರು. ೨೬ ಮಂದಿ ಮೃತರಾಗಿದ್ದರು. ಉಳಿದವರು ಇನ್ನೂ ಚಿಕಿತ್ಸೆಯಲ್ಲಿದ್ದರು. ವೃದ್ಧಾಪ್ಯ, ಪುರುಷತ್ವ, ಸ್ಥೂಲಕಾಯ, ಹೃದಯ ಶ್ವಾಸಕೋಶ ಮೂತ್ರಪಿಂಡಗಳ ಹಳೆಯ ರೋಗಗಳು ಇವು ಮರಣದೊಡನೆ ಹೆಚ್ಚಾಗಿ ಕಂಡುಬಂದುವು.

ಇಂತಹ ವಿವರಗಳ ಆಧಾರದ ಮೇಲೆ ಅದೇ ವಿದ್ವಾಂಸರು ಅಪಾಯವನ್ನಳೆಯುವ ಒಂದು ಅಂಕಪದ್ಧತಿಯನ್ನು ರಚಿಸಿದರು. ಅದರಲ್ಲಿ ಎಂಟು ಅಂಶಗಳಿವೆ. ವಯಸ್ಸು, ಲಿಂಗ, ಇತರ ರೋಗಗಳ ಸಂಖ್ಯೆ ಈ ಮೂರು ರೋಗಿಯು ಮನೆಯಿಂದಲೇ ತಂದವು. ಉಸಿರಾಟದ ವೇಗ, ರಕ್ತದಲ್ಲಿನ ಆಮ್ಲಜನಕದ ಪ್ರಮಾಣ, ಪ್ರಜ್ಞೆಯ ಸ್ಥಿತಿ ಈ ಮೂರು ಹಾಸಿಗೆಯ ಬಳಿಯಲ್ಲೇ ತಿಳಿಯತಕ್ಕವು. ಉಳಿದೆರಡು ರಕ್ತಪರೀಕ್ಷೆಯಿಂದ ತಿಳಿಯುವುವು: ಮೂತ್ರಪಿಂಡದ ದೌರ್ಬಲ್ಯವನ್ನು ಸೂಚಿಸುವ ಯೂರಿಯಾ ಒಂದು, ದೇಹದೊಳಗಿನ ಉರಿಯೂತವನ್ನು ಸೂಚಿಸುವ ಪ್ರೋಟೀನು ಇನ್ನೊಂದು. ಒಟ್ಟು ೨೧ ಅಂಕಗಳಲ್ಲಿ ಎಂಬತ್ತು ದಾಟಿದ ವಯಸ್ಸೊಂದಕ್ಕೇ ೭ ಅಂಕಗಳು. ಮೂರಕ್ಕೆ ಮೀರದವರಲ್ಲಿ ನೂರಕ್ಕೆ ಸುಮಾರು ಒಬ್ಬರು, ಹದಿನೈದನ್ನು ಮುಟ್ಟಿದವರಲ್ಲಿ ನೂರಕ್ಕೆ ಸುಮಾರು ೬೨ ಮಂದಿ ಮೃತರಾದರು.

ಆದರೆ ಸೂಚನೆಯೇ ಕಾರಣವಲ್ಲ. ಕೃತಕ ಶ್ವಾಸಯಂತ್ರಕ್ಕೆ ಒಳಗಾದವರು ಹೆಚ್ಚಾಗಿ ಸತ್ತರೆಂದ ಮಾತ್ರಕ್ಕೆ ಯಂತ್ರವೇ ಮೃತ್ಯುಕಾರಣವೆನ್ನಲಾಗದು. ರೋಗವು ಅತಿಯಾಗಿ ಉಲ್ಬಣಿಸಿದವರಿಗೇ ಅದನ್ನು ಅಳವಡಿಸುವರಷ್ಟೆ. ಹಾಗೆಯೇ ಔಷಧ ಸೇವಿಸಿದವನು ಬದುಕಿದನೆಂದು ಔಷಧವೇ ಉಳಿಸಿತೆನ್ನಲೂ ಆಗದು. ಈ ಸಂಶಯವನ್ನು ನೀಗುವ ದಾರಿ ಒಂದೇ: ಯಾರಿಗೆ ಔಷಧ, ಯಾರಿಗಿಲ್ಲ ಎಂಬುದನ್ನು ಚೀಟಿಯೆತ್ತಿದಂತೆ ನಿರ್ಧರಿಸಿ ಎರಡು ಗುಂಪುಗಳನ್ನೂ ಹೋಲಿಸುವುದು.

ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದವರು ನಡೆಸಿದ 'ರಿಕವರಿ' ಎಂಬ ಪ್ರಯೋಗವು ಈ ಬಗೆಯದು. ಬಹುಮಂದಿ ನಂಬಿದ್ದ ಹೈಡ್ರಾಕ್ಸಿಕ್ಲೋರೋಕ್ವಿನ್ ಅದರಲ್ಲಿ ನಿಷ್ಪ್ರಯೋಜಕವೆಂದು ತಿಳಿದುಬಂದಿತು: ಅದನ್ನು ಪಡೆದವರಲ್ಲಿ ನೂರಕ್ಕೆ ೨೭, ಪಡೆಯದವರಲ್ಲಿ ೨೫ ಮಂದಿ ೨೮ ದಿನಗಳೊಳಗೆ ತೀರಿಕೊಂಡರು. ಹಳೆಯದೂ ಅಗ್ಗವೂ ಆದ ಡೆಕ್ಸಾಮೆಥಾಸೋನ್ ಮಾತ್ರ ಬೇರೆ ಫಲವನ್ನು ತೋರಿತು. ಶ್ವಾಸಯಂತ್ರದಲ್ಲಿದ್ದವರ ಮರಣವು ನೂರಕ್ಕೆ ೪೧ರಿಂದ ೨೯ಕ್ಕೂ, ಕೇವಲ ಆಮ್ಲಜನಕ ಪಡೆಯುತ್ತಿದ್ದವರದು ೨೬ರಿಂದ ೨೩ಕ್ಕೂ ಇಳಿಯಿತು. ಆಮ್ಲಜನಕವೇ ಬೇಡವಾಗಿದ್ದವರಿಗೆ ಯಾವ ಲಾಭವೂ ಕಾಣಲಿಲ್ಲ.

ಇದರ ಮರ್ಮವು ಕಾಲದಲ್ಲಿದೆ. ಮೊದಲ ದಿನಗಳಲ್ಲಿ ವೈರಸ್ಸನ್ನು ಎದುರಿಸಲು ದೇಹದ ರಕ್ಷಣಾಶಕ್ತಿಯು ಬೇಕು. ಅನಂತರ ಅದೇ ಶಕ್ತಿಯು ಮಿತಿಮೀರಿ ಶ್ವಾಸಕೋಶವನ್ನು ಕೆಡಿಸುತ್ತದೆ. ಆ ಶಕ್ತಿಯನ್ನು ಅಡಗಿಸುವ ಔಷಧವು ಎರಡನೆಯ ಘಟ್ಟದಲ್ಲಿ ಮಾತ್ರವೇ ರಕ್ಷಕವಾಗುವುದು.

ಮೇಲಿನ ಅಂಕಿಗಳು ಲಸಿಕೆಗಳು ಬರುವುದಕ್ಕೆ ಮೊದಲಿನವೆಂಬುದನ್ನು ಮರೆಯಬಾರದು. ೨೦೨೦ರ ಡಿಸೆಂಬರಿನಲ್ಲಿ ಬ್ರಿಟನ್ನಿನಲ್ಲಿ ಆರಂಭವಾದ ಲಸಿಕೆಯು ವೃದ್ಧರ ಅಪಾಯವನ್ನು ಬಹುಮಟ್ಟಿಗೆ ತಗ್ಗಿಸಿತು. ವಯಸ್ಸನ್ನು ಹಿಂದಿರುಗಿಸಲು ಯಾರಿಂದಲೂ ಆಗದು. ಆದರೆ ವಯಸ್ಸು ತಂದೊಡ್ಡುವ ಅಪಾಯವೆಲ್ಲವೂ ಅನಿವಾರ್ಯವಲ್ಲವೆಂಬುದು ಇದರಿಂದ ಸಿದ್ಧವಾಗುತ್ತದೆ.