ಸೋತ ಆಟವನ್ನು ಮತ್ತೆ ನೋಡಿದಾಗ

ಶನಿವಾರ ರಾತ್ರಿ ಹತ್ತೂವರೆಗೆ ನಾವು ಐವರು ಸೇರುತ್ತೇವೆ. ಒಬ್ಬ ಚೆನ್ನೈನಲ್ಲಿ, ಒಬ್ಬ ಹೈದರಾಬಾದಿನಲ್ಲಿ, ಒಬ್ಬ ಗುರುಗ್ರಾಮದಲ್ಲಿ, ಒಬ್ಬ ಠಾಣೆಯಲ್ಲಿ, ನಾನು ಪುಣೆಯಲ್ಲಿ. ಒಂದು ಕಾಲಕ್ಕೆ ಒಂದೇ ಹಾಸ್ಟೆಲಿನ ಕಾರಿಡಾರಿನಲ್ಲಿ ಲ್ಯಾನ್ ಕೇಬಲ್ ಎಳೆದುಕೊಂಡು 'ಡೋಟಾ' ಆಡುತ್ತಿದ್ದವರು ನಾವು. ಈಗ ಹೆಡ್‌ಫೋನ್ ಹಾಕಿಕೊಂಡು 'ಡೋಟಾ 2' ಆಡುತ್ತೇವೆ. ವಾರವಿಡೀ ಇಂಗ್ಲಿಷು, ಹಿಂದಿ, ಮರಾಠಿ ಮಾತಾಡಿ ದಣಿದ ನಾಲಗೆಗೆ ಆ ಎರಡು ಗಂಟೆ ಕನ್ನಡ ಸಿಗುತ್ತದೆ. ಧಾರವಾಡದ್ದು, ಮಂಗಳೂರಿನದು, ಶಿವಮೊಗ್ಗದ್ದು, ಎಲ್ಲ ಕನ್ನಡವೂ ಒಟ್ಟಿಗೆ.

ಕಳೆದ ವರ್ಷ ಈ ಕೂಟ ಎರಡು ತಿಂಗಳು ನಿಂತುಹೋಗಿತ್ತು. ನಿಲ್ಲುವಂತೆ ಮಾಡಿದವನು ನಾನೇ.

ಆಟ ಗೊತ್ತಿಲ್ಲದವರಿಗಾಗಿ ಎರಡು ಮಾತು. 2003ರ ಸುಮಾರಿಗೆ 'ವಾರ್‌ಕ್ರಾಫ್ಟ್ 3' ಆಟಕ್ಕೆ ಅಭಿಮಾನಿಗಳು ಮಾಡಿಕೊಂಡ ನಕ್ಷೆಯೊಂದು ಡೋಟಾ ಆಯಿತು. ಅದರ ಮುಂದಿನ ರೂಪ ಡೋಟಾ 2 ಅನ್ನು ವಾಲ್ವ್ ಕಂಪನಿ 2013ರಲ್ಲಿ ಅಧಿಕೃತವಾಗಿ ಬಿಡುಗಡೆ ಮಾಡಿತು. ಐವರ ಎದುರು ಐವರು. ಎರಡೂ ಕೋಟೆಗಳ ನಡುವೆ ಮೂರು ದಾರಿ, ಮಧ್ಯೆ ಕಾಡು. ಪ್ರತಿ 30 ಸೆಕೆಂಡಿಗೊಮ್ಮೆ ಎರಡೂ ಕಡೆಯಿಂದ ಸಣ್ಣ ಸೈನಿಕರ ಗುಂಪು ಹೊರಡುತ್ತದೆ. ಅವರನ್ನು ಕೊಂದರೆ ಚಿನ್ನ, ಚಿನ್ನದಿಂದ ಆಯುಧ. ಒಂದೊಂದು ತಂಡಕ್ಕೂ 11 ಗೋಪುರ. ಅವನ್ನು ದಾಟಿ ಒಳಗಿರುವ 'ಏನ್ಷಿಯಂಟ್' ಎಂಬ ಕಟ್ಟಡವನ್ನು ಯಾರು ಮೊದಲು ಕೆಡವುತ್ತಾರೋ ಅವರು ಗೆದ್ದಂತೆ. ಐವರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕೆಲಸ. ಒಂದನೇ ನಂಬರಿನವನು ಚಿನ್ನ ಕೂಡಿಟ್ಟು ಕೊನೆಗೆ ಹೊಡೆಯುವವನು. ಐದನೆಯವನು ತನ್ನ ಚಿನ್ನವನ್ನು ಬಿಟ್ಟುಕೊಟ್ಟು ಉಳಿದವರನ್ನು ಕಾಯುವವನು. ಕತ್ತಲಿರುವ ಜಾಗದಲ್ಲಿ 'ವಾರ್ಡ್' ಎಂಬ ಕಣ್ಗಾವಲು ನೆಡುವುದೂ ಅವನ ಕೆಲಸವೇ. ನಮ್ಮಲ್ಲಿ ಒಂದನೇ ನಂಬರು ನಾನು. ಐದನೇ ನಂಬರು ಹೈದರಾಬಾದಿನಲ್ಲಿರುವ ಧಾರವಾಡದ ಗೆಳೆಯ.

ಆ ರಾತ್ರಿ ನಾವು ಗೆಲ್ಲುವ ಹಾದಿಯಲ್ಲಿದ್ದೆವು. 38ನೇ ನಿಮಿಷ. ನಾನು ಇದ್ದ ಚಿನ್ನವನ್ನೆಲ್ಲ ಒಂದು ದೊಡ್ಡ ಆಯುಧಕ್ಕೆ ಸುರಿದು, ಇನ್ನಷ್ಟು ಗಳಿಸೋಣವೆಂದು ಒಬ್ಬನೇ ಎದುರಾಳಿಯ ಕಾಡಿಗೆ ನುಗ್ಗಿದೆ. ಮೂವರು ಸುತ್ತುವರಿದರು, ಸತ್ತೆ. ಚಿನ್ನ ಕೊಟ್ಟು ತಕ್ಷಣ ಮರಳಿ ಬದುಕುವ 'ಬೈಬ್ಯಾಕ್'ಗೆ ಕೈಯಲ್ಲಿ ಏನೂ ಉಳಿದಿರಲಿಲ್ಲ. ನಾನಿಲ್ಲದ ಹೊತ್ತಿನಲ್ಲಿ ಅವರು ನಮ್ಮ ಕೋಟೆಯ ಒಳಗೇ ಬಂದರು. ಆಟ ಮುಗಿಯಿತು. ನಾನು ಮೈಕಿನಲ್ಲಿ ಕೂಗಿದೆ: "ವಾರ್ಡ್ ಎಲ್ಲಿಟ್ಟಿದ್ದೆ? ಕಣ್ಣು ಮುಚ್ಕೊಂಡು ಆಡ್ತೀಯಾ? ನಿನ್ನಿಂದ್ಲೇ ಸೋತಿದ್ದು." ಜೊತೆಗೆ ಇಲ್ಲಿ ಬರೆಯಲಾಗದ ಒಂದು ಮಾತನ್ನೂ ಸೇರಿಸಿದೆ. ಅವನು ಏನೂ ಹೇಳದೆ ಕಾಲ್ ಬಿಟ್ಟುಹೋದ. ಮರುದಿನ ವಾಟ್ಸ್ಆ್ಯಪ್ ಗುಂಪನ್ನೂ ಬಿಟ್ಟ. ಉಳಿದ ಮೂವರು ಮುಂದಿನ ಶನಿವಾರ ಒಂದೊಂದು ನೆಪ ಹೇಳಿದರು.

ಅವನ ಕಣ್ಣಿನಿಂದ

ಮೂರನೇ ವಾರ ನಾನು ಆ ಪಂದ್ಯದ ರಿಪ್ಲೇ ತೆರೆದೆ. ತಪ್ಪು ಅವನದೇ ಎಂದು ಸಾಬೀತು ಮಾಡುವುದೇ ಉದ್ದೇಶ, ಸುಳ್ಳು ಹೇಳುವುದಿಲ್ಲ. ಡೋಟಾದಲ್ಲಿ ಆಡಿದ ಪಂದ್ಯವನ್ನು ಹತ್ತು ಆಟಗಾರರಲ್ಲಿ ಯಾರ ಪರದೆಯಿಂದ ಬೇಕಾದರೂ ನೋಡಬಹುದು. ನಾನು ಅವನ ಪರದೆಯನ್ನು ಆರಿಸಿಕೊಂಡೆ. ವಾರ್ಡ್ ಇತ್ತು. ನಾನು ಸಾಯುವುದಕ್ಕೆ ಎರಡು ನಿಮಿಷ ಮೊದಲೇ, ಇರಬೇಕಾದ ಜಾಗದಲ್ಲೇ ನೆಟ್ಟಿದ್ದ. ಮೂವರು ಬರುತ್ತಿರುವುದು ಅದರಲ್ಲಿ ಕಂಡಿತ್ತು. ಅವನು ನಕ್ಷೆಯ ಮೇಲೆ ಮೂರು ಸಲ ಗುರುತು ಒತ್ತಿ ಎಚ್ಚರಿಸಿದ್ದ. ಪರದೆಯ ಮೂಲೆಯ ಆ ಪುಟ್ಟ ನಕ್ಷೆಯನ್ನು ನಾನು ಒಮ್ಮೆಯೂ ನೋಡಿರಲಿಲ್ಲ.

ಆ ಪಂದ್ಯದಲ್ಲಿ ಒಂಬತ್ತು ಸಲ ಸತ್ತಿದ್ದೆ. ಒಂದೊಂದು ಸಾವಿನ ಹಿಂದಿನ ಒಂದು ನಿಮಿಷವನ್ನು ನೋಡುತ್ತಾ ಹೋದೆ. ಏಳರಲ್ಲಿ ಕಥೆ ಒಂದೇ: ಎದುರಾಳಿಗಳಲ್ಲಿ ಮೂವರಿಗಿಂತ ಹೆಚ್ಚು ಜನ ನಕ್ಷೆಯಲ್ಲಿ ಕಾಣುತ್ತಿರಲಿಲ್ಲ, ಆದರೂ ನಾನು ಒಬ್ಬನೇ ಮುಂದೆ ಹೋಗಿದ್ದೆ. ಎರಡು ವರ್ಷದಿಂದ ನನ್ನ ರ‍್ಯಾಂಕ್ 'ಆರ್ಕನ್'ನಲ್ಲೇ ಕಂತಿತ್ತು. ಒಟ್ಟು ಎಂಟು ಪದಕಗಳ ಸಾಲಿನಲ್ಲಿ ಅದು ನಾಲ್ಕನೆಯದು. 'ನನಗೆ ಸಿಗುವ ಜೊತೆಗಾರರೇ ಸರಿಯಿಲ್ಲ' ಎಂಬುದು ನನ್ನ ಖಾಯಂ ದೂರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ಲೆಕ್ಕ ಹಾಕಿದರೆ ಆ ದೂರು ನಿಲ್ಲುವುದೂ ಇಲ್ಲ. ವಾರದ ದಿನಗಳಲ್ಲಿ ಒಬ್ಬನೇ ಆಡುವಾಗ ನನ್ನ ಕಡೆ ಅಪರಿಚಿತರು ನಾಲ್ವರು, ಎದುರು ಐವರು. ಕೆಟ್ಟ ಆಟಗಾರ ಸೇರಿಕೊಳ್ಳುವ ಸಂಭವ ಎದುರಿನವರಿಗೇ ಒಂದು ಪಾಲು ಹೆಚ್ಚು. ನೂರಾರು ಪಂದ್ಯಗಳಲ್ಲಿ ಜೊತೆಗಾರರು ಬದಲಾಗುತ್ತಲೇ ಇರುತ್ತಾರೆ, ಬದಲಾಗದೆ ಉಳಿಯುವವನು ನಾನೊಬ್ಬನೇ. ಈ ರೇಟಿಂಗ್‌ಗಳ ಮೂಲ ವಿಚಾರ ಭೌತಶಾಸ್ತ್ರದ ಪ್ರಾಧ್ಯಾಪಕ ಅರ್ಪಾದ್ ಈಲೋ ಚೆಸ್‌ಗಾಗಿ ರೂಪಿಸಿದ ಪದ್ಧತಿಯದು. ಒಂದೆರಡು ಪಂದ್ಯದ ಅದೃಷ್ಟ ಅದರಲ್ಲಿ ಕಾಲಕ್ರಮೇಣ ಕರಗಿಹೋಗುತ್ತದೆ.

ಬದಲಿಸಿಕೊಂಡದ್ದು

ನಮ್ಮ ಕಸುಬಿನಲ್ಲಿ ಸರ್ವರ್ ಬಿದ್ದರೆ ಮರುದಿನ 'ಬ್ಲೇಮ್‌ಲೆಸ್ ಪೋಸ್ಟ್‌ಮಾರ್ಟಮ್' ಮಾಡುತ್ತೇವೆ. ಯಾರು ಮಾಡಿದರು ಎಂದು ಕೇಳುವುದಿಲ್ಲ. ಏನಾಯಿತು, ಯಾವ ಹೊತ್ತಿಗೆ ಗೊತ್ತಾಯಿತು, ಮುಂದಿನ ಸಲ ಹೇಗೆ ತಡೆಯುವುದು, ಇಷ್ಟೇ. ಆಫೀಸಿನಲ್ಲಿ ಇದನ್ನು ಜೂನಿಯರುಗಳಿಗೆ ಹೇಳಿಕೊಡುವವನು ನಾನು. ಮನೆಗೆ ಬಂದು ಗೆಳೆಯನ ಮೇಲೆ ಕೂಗಿದವನೂ ನಾನೇ. ಹಾಗಾಗಿ ಒಂದು ನೋಟ್‌ಬುಕ್ ಇಟ್ಟೆ. ಸೋತ ಪಂದ್ಯಗಳಲ್ಲಿ ನನ್ನ ಸಾವುಗಳನ್ನು ಮಾತ್ರ ನೋಡಿ ಒಂದೊಂದು ಸಾಲು ಬರೆದೆ. ಬೇರೆಯವರ ತಪ್ಪು ಬರೆಯುವಂತಿಲ್ಲ.

ಅದರಿಂದ ಕೆಲವು ಅಭ್ಯಾಸಗಳು ಹುಟ್ಟಿದವು. ಮೊದಲನೆಯದು, ನಕ್ಷೆ. ಎದುರಿನ ಸೈನಿಕನೊಬ್ಬ ಬಿದ್ದೊಡನೆ ಕಣ್ಣು ಮೂಲೆಗೆ ಹೋಗಬೇಕು. ಕಾಣದ ಎದುರಾಳಿ ನನ್ನ ಕಡೆಗೇ ಬರುತ್ತಿದ್ದಾನೆ ಎಂದುಕೊಳ್ಳಬೇಕು. ಎರಡನೆಯದು, ಕೊಲ್ಲುವುದು ಗುರಿಯಲ್ಲ. ಕಾದಾಟ ಗೆದ್ದ ಕೂಡಲೇ 'ಈಗ ಏನು ತೆಗೆದುಕೊಳ್ಳೋಣ?' ಎಂದು ಕೇಳಬೇಕು. ಒಂದು ಗೋಪುರವೋ, 'ರೋಷನ್' ಎಂಬ ದೈತ್ಯನೋ? ರೋಷನ್‌ನನ್ನು ಕೊಂದರೆ ಒಬ್ಬ ಆಟಗಾರನಿಗೆ ಮರುಜೀವ ಕೊಡುವ 'ಏಜಿಸ್' ಸಿಗುತ್ತದೆ, ಅದರ ಆಯುಷ್ಯ ಐದೇ ನಿಮಿಷ. ಅಷ್ಟರಲ್ಲಿ ಬಳಸದಿದ್ದರೆ ಪಟ್ಟ ಶ್ರಮ ದಂಡ. ಓಡಿಹೋಗುವವನ ಬೆನ್ನಟ್ಟಿ ಇನ್ನೊಂದು ತಲೆ ಉರುಳಿಸುವ ಹುಚ್ಚಿನಲ್ಲಿ ನಾವು ಕಳೆದುಕೊಂಡ ಗೋಪುರಗಳಿಗೆ ಲೆಕ್ಕವಿಲ್ಲ.

ಮೂರನೆಯದು ಕಬಡ್ಡಿ ಆಡಿದವರಿಗೆ ಬೇಗ ತಿಳಿಯುತ್ತದೆ. ರೈಡರ್ ಬಂದಾಗ ಮೂಲೆಯವನು ಒಬ್ಬನೇ ಕಾಲು ಹಿಡಿದರೆ ಪಾಯಿಂಟ್ ಕೊಟ್ಟು ಹೊರಗೆ ಕೂರಬೇಕು. ಪಕ್ಕದವನು ಬರುವಷ್ಟು ಹತ್ತಿರದಲ್ಲಿದ್ದಾನೆಯೇ ಎಂದು ನೋಡಿಯೇ ಹಿಡಿಯುವುದು. ನಮ್ಮಲ್ಲಿ ಮೊದಲು ಐವರೂ ಒಟ್ಟಿಗೆ ಕೂಗುತ್ತಿದ್ದೆವು. ಒಬ್ಬ 'ನುಗ್ಗು', ಇನ್ನೊಬ್ಬ 'ವಾಪಸ್ ಬಾ'. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ. ಈಗ ಕಾದಾಟ ಶುರುವಾಗುವ ಮುನ್ನ ಒಬ್ಬನದೇ ಮಾತು. ಆ ಮಾತು ತಪ್ಪಾದರೂ ಐವರೂ ಅವನ ಜೊತೆ ಹೋಗುತ್ತೇವೆ. ಐವರು ಒಟ್ಟಾಗಿ ಮಾಡಿದ ಸಾಧಾರಣ ನಿರ್ಧಾರ, ಇಬ್ಬರು ಮಾತ್ರ ಮಾಡಿದ ಉತ್ತಮ ನಿರ್ಧಾರಕ್ಕಿಂತ ಎಷ್ಟೋ ಸಲ ಗೆದ್ದಿದೆ.

ಕೊನೆಯದು, ತಲೆ ಬಿಸಿ. ಸೋತ ಕೋಪದಲ್ಲಿ 'ಇನ್ನೊಂದು ಆಡಿ ವಸೂಲು ಮಾಡೋಣ' ಎಂದು ಕೂತರೆ ಅದೂ ಹೋಗುತ್ತದೆ. ಸತತ ಎರಡು ಸೋಲಾದರೆ ಅಂದಿಗೆ ನಿಲ್ಲಿಸುವುದು ನಮ್ಮ ನಿಯಮ. ನೂರಕ್ಕಿಂತ ಹೆಚ್ಚು ಹೀರೋಗಳಿರುವ ಆಟದಲ್ಲಿ ನಾನು ಮೂರನ್ನೇ ಆರಿಸಿಕೊಂಡಿದ್ದೇನೆ. ಕೈಗೆ ಯೋಚಿಸುವ ಕೆಲಸ ಕಡಿಮೆಯಾದಷ್ಟೂ ಕಣ್ಣಿಗೆ ನಕ್ಷೆ ನೋಡಲು ಪುರುಸೊತ್ತು.

ಮನಸ್ಸಿನ ವಿಷಯ ಬಂದಾಗ ಡೋಟಾ ಆಡುವವರು 'ಓಜಿ' ತಂಡವನ್ನು ನೆನೆಯುತ್ತಾರೆ. 2018ರ ಮೇ ಕೊನೆಯಲ್ಲಿ ಆ ತಂಡದ ಇಬ್ಬರು ಮುಖ್ಯ ಆಟಗಾರರು ಬೇರೆ ತಂಡಕ್ಕೆ ಹೋದರು. ಉಳಿದವರು ತಮ್ಮ ಕೋಚ್‌ನನ್ನೇ ಆಟಗಾರನಾಗಿ ಇಳಿಸಿ, ಹಳೆಯ ಜೊತೆಗಾರನನ್ನು ವಾಪಸ್ ಕರೆಸಿ, ದೊಡ್ಡ ವೇದಿಕೆ ಕಾಣದ ಒಬ್ಬ ಹುಡುಗನನ್ನು ಸೇರಿಸಿಕೊಂಡು, ಯಾರು ಬೇಕಾದರೂ ಆಡಬಹುದಾದ ಮುಕ್ತ ಅರ್ಹತಾ ಸುತ್ತಿನಿಂದ ಶುರು ಮಾಡಿದರು. ಆ ಆಗಸ್ಟ್‌ನಲ್ಲಿ ವ್ಯಾಂಕೂವರಿನ 'ದಿ ಇಂಟರ್‌ನ್ಯಾಷನಲ್' ಫೈನಲ್‌ನಲ್ಲಿ ಚೀನಾದ ಪಿಎಸ್‌ಜಿ ಎಲ್‌ಜಿಡಿ ತಂಡವನ್ನು 3–2ರಿಂದ ಸೋಲಿಸಿದರು. 2019ರಲ್ಲಿ ಶಾಂಘೈನಲ್ಲಿ ಮತ್ತೆ ಗೆದ್ದು, ಈ ಟೂರ್ನಿಯನ್ನು ಎರಡು ಸಲ ಗೆದ್ದ ಮೊದಲ ತಂಡವಾದರು. ನಮ್ಮವರೂ ಹಿಂದೆ ಬಿದ್ದಿಲ್ಲ. 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಕಾಮನ್‌ವೆಲ್ತ್ ಇ-ಸ್ಪೋರ್ಟ್ಸ್ ಚಾಂಪಿಯನ್‌ಷಿಪ್‌ನಲ್ಲಿ ಭಾರತದ ಡೋಟಾ 2 ತಂಡ ಕಂಚು ತಂದಿತು.

ಆದರೆ ನನಗೆ ಬೇಕಿದ್ದದ್ದು ಪದಕವಲ್ಲ, ಶನಿವಾರ. ಒಂದು ಸಂಜೆ ಧೈರ್ಯ ಮಾಡಿ ಅವನಿಗೆ ಫೋನ್ ಮಾಡಿದೆ. ರಿಪ್ಲೇ ನೋಡಿದ್ದನ್ನು, ವಾರ್ಡ್ ಇದ್ದದ್ದನ್ನು, ಮೂರು ಸಲ ಎಚ್ಚರಿಸಿದ್ದನ್ನು ಎಲ್ಲ ಹೇಳಿ ತಪ್ಪಾಯಿತು ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ವಾರ್ಡಿಂದು ಬಿಡಲೇ. ನಾ ಆಟಕ್ಕಂತ ಬರ್ತಿದ್ದಿಲ್ಲ, ಮಾತಾಡಾಕಂತ ಬರ್ತಿದ್ದೆ" ಎಂದ. ಅವನ ಆಫೀಸಿನಲ್ಲಿ ಕನ್ನಡದವರು ಒಬ್ಬರೂ ಇಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಯೋಚಿಸಿರಲಿಲ್ಲ.

ಮುಂದಿನ ಶನಿವಾರ ಐವರೂ ಬಂದೆವು. ಮೊದಲ ಪಂದ್ಯ ಸೋತೆವು, ಎರಡನೆಯದೂ ಸೋತೆವು. ನಿಯಮದಂತೆ ಆಟ ನಿಲ್ಲಿಸಿದೆವು, ಕಾಲ್ ನಿಲ್ಲಿಸಲಿಲ್ಲ. ಠಾಣೆಯವನ ಮಗಳ ಶಾಲೆ, ಚೆನ್ನೈನವನ ಮನೆ ಬಾಡಿಗೆ, ಊರಿನ ಮಳೆ ಎಂದು ಒಂದೂವರೆಯವರೆಗೆ ಮಾತಾಡಿದೆವು.

ನನ್ನ ರ‍್ಯಾಂಕ್ ಈಗ ಒಂದು ಮೆಟ್ಟಿಲು ಏರಿ 'ಲೆಜೆಂಡ್' ಆಗಿದೆ. ಅದರಾಚೆ ಹೋಗುತ್ತೇನೆಂಬ ಭರವಸೆ ಇಲ್ಲ, ಆಫೀಸು ಮನೆ ಎರಡೂ ಇವೆ. ಹೋದ ವಾರ ಕಾಡಿನಲ್ಲಿ ಚಿನ್ನ ಗಳಿಸುತ್ತಿದ್ದಾಗ ನಕ್ಷೆಯ ಮೇಲೆ ಅವನ ಗುರುತು ಒಮ್ಮೆ ಮಿನುಗಿತು. ಕೈಯಲ್ಲಿದ್ದ ಬೇಟೆ ಬಿಟ್ಟು ಹಿಂದೆ ಸರಿದೆ. ಎರಡೇ ಸೆಕೆಂಡಿನಲ್ಲಿ ಮೂವರು ಆ ಜಾಗಕ್ಕೆ ಬಂದು ಖಾಲಿ ಕಾಡು ನೋಡಿ ಹೋದರು. ಹೆಡ್‌ಫೋನಿನಲ್ಲಿ ಧಾರವಾಡದ ದನಿ ಕೇಳಿಸಿತು: "ಇವತ್ತ ನೋಡಿದೀ ನೋಡ!"